ಮನೆಯಲ್ಲಿ ನೇಯಬೇಕು ಅಂದ್ರೆ ಯಾವ ಮಗ್ಗ?

ನಾನು ಮೊದಲು ತಂದದ್ದು ಕಾಲಲ್ಲಿ ತುಳಿದು ನೇಯುವ ದೊಡ್ಡ ಮಗ್ಗ. ಸೆಕೆಂಡ್ ಹ್ಯಾಂಡ್, 4 ಶಾಫ್ಟು (ಎಳೆಗಳನ್ನು ಗುಂಪುಗುಂಪಾಗಿ ಎತ್ತುವ ಚೌಕಟ್ಟು), 45 ಇಂಚು ಅಗಲ. ಮೊದಲ ಎಂಟು ತಿಂಗಳಲ್ಲಿ ಅದರ ಮೇಲೆ ನೇಯ್ದದ್ದು ಒಂದೇ ಟವೆಲ್, ಅದೂ ಅರ್ಧ. ಉಳಿದ ದಿನಗಳಲ್ಲಿ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು.

ಮಗ್ಗದ್ದೇನೂ ತಪ್ಪಿರಲಿಲ್ಲ. ನೇಯುವುದು ಅಂದರೆ ಅಡ್ಡ ನೂಲು ಒಯ್ಯುವ ಲಾಳಿಯನ್ನು ಆಚೆ ಈಚೆ ಓಡಿಸುವುದು ಅಂತ ನಾನು ಅಂದುಕೊಂಡಿದ್ದೆ, ಅಷ್ಟೇ. ಲಾಳಿ ಓಡುವುದಕ್ಕೆ ಮುಂಚೆ ನಾನೂರು ಎಳೆಗಳನ್ನು ಒಂದೇ ಉದ್ದಕ್ಕೆ ಅಳೆಯಬೇಕು. ದಿಂಡಿಗೆ, ಅಂದರೆ ಮಗ್ಗದ ಹಿಂದಿನ ಉರುಳೆಗೆ, ಸುತ್ತಬೇಕು. ಒಂದೊಂದನ್ನೇ, ಎಳೆಯನ್ನು ಎತ್ತಿ ಇಳಿಸುವ ಹೆಡಲಿನ ಕಣ್ಣಿಗೆ ಪೋಣಿಸಬೇಕು. ಮತ್ತೆ ಒಂದೊಂದನ್ನೇ ಹಣಿಗೆಯ (ಅಡ್ಡ ನೂಲನ್ನು ಹೊಡೆದು ಕೂರಿಸುವ ಬಾಚಣಿಗೆಯಂಥದ್ದು) ಸಂದಿನಲ್ಲಿ ಎಳೆಯಬೇಕು. ಕೊನೆಗೆ ಎಲ್ಲವನ್ನೂ ಒಂದೇ ಬಿಗಿಯಲ್ಲಿ ಕಟ್ಟಬೇಕು. ಹೊಸಬರಿಗೆ ಇದು ಪೂರ್ತಿ ಎರಡು ದಿನದ ಕೆಲಸ. ನೂರಾ ಮೂವತ್ತನೇ ಎಳೆಯಲ್ಲಿ ತಪ್ಪಾಗಿದ್ದರೆ ಅದು ಗೊತ್ತಾಗುವುದು ನೇಯೋಕೆ ಶುರು ಮಾಡಿದ ಮೇಲೆ.

ಹಾಗಾಗಿ ಯಾವ ಮಗ್ಗ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿಸಿ ಕೇಳುವುದು ಇಷ್ಟೇ: ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಆ ಎಳೆಗಳನ್ನು, ಹೂಡುವುದಕ್ಕೆ ನಿಮಗೆ ಎಷ್ಟು ತಾಳ್ಮೆ ಇದೆ? ನೇಯುವ ಖುಷಿ ಎಲ್ಲ ಮಗ್ಗದಲ್ಲೂ ಹೆಚ್ಚುಕಡಿಮೆ ಒಂದೇ. ಹಾಸಿನ ಕೆಲಸ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಕೆಳಗಿನ ಹೋಲಿಕೆಯನ್ನೆಲ್ಲ ಅದೇ ಕಣ್ಣಿನಿಂದ ಮಾಡಿದ್ದೇನೆ.

ಮೊದಲು, ಮಗ್ಗ ಬೇಕೇ ಬೇಕಾ?

ನೂಲಿನ ಕೆಲಸ ಮಾಡಬೇಕು ಅನ್ನುವ ಆಸೆ ಇದ್ದವರೆಲ್ಲ ನೇಯಲೇಬೇಕು ಅಂತೇನಿಲ್ಲ. ನಿಮಗೆ ಬೇಕಾಗಿರುವುದು ಸ್ವೆಟರು, ಟೋಪಿ, ಕಾಲುಚೀಲ ಆಗಿದ್ದರೆ ಎರಡು ಕಡ್ಡಿ ಹಿಡಿದು ಹೆಣೆಯುವುದೇ ಸರಿ. ಹೆಣೆದ ಬಟ್ಟೆ ಕುಣಿಕೆಗಳಿಂದ ಆಗಿರುತ್ತದೆ, ಅದಕ್ಕೇ ಎಳೆದರೆ ಹಿಗ್ಗಿ ಮೈಗೆ ಹೊಂದಿಕೊಳ್ಳುತ್ತದೆ. ನೇಯ್ದ ಬಟ್ಟೆ ಹಾಗೆ ಹಿಗ್ಗುವುದಿಲ್ಲ. ಟವೆಲ್, ಶಾಲು, ಚೀಲ, ಹೊದಿಕೆ, ಹೊಲಿಯೋಕೆ ಬೇಕಾದ ಬಟ್ಟೆ ಇವೆಲ್ಲ ಮಗ್ಗದ್ದೇ ಕೆಲಸ.

ಕ್ರೋಶಾಗೆ ಒಂದೇ ಕೊಕ್ಕೆ ಸಾಕು. ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಹತ್ತಾರು ಕುಣಿಕೆ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ, ಆದ್ದರಿಂದ ಬಸ್ಸಿನಲ್ಲಿ ಕೂತು ಮಾಡೋಕೆ ಅದೇ ವಾಸಿ. ಆದರೆ ಅಷ್ಟೇ ಅಳತೆಯ ತುಂಡಿಗೆ ನೂಲು ಜಾಸ್ತಿ ಹಿಡಿಯುತ್ತದೆ, ಬಟ್ಟೆಯೂ ದಪ್ಪ. ಮ್ಯಾಕ್ರಮೆ ಬರೀ ಗಂಟಿನ ಕೆಲಸ. ಗೋಡೆಗೆ ಚೆನ್ನ, ಮೈಮೇಲೆ ಹಾಕೋಕೆ ಅಲ್ಲ.

ಈ ಮೂರಕ್ಕೂ ಒಂದು ದೊಡ್ಡ ಅನುಕೂಲ ಇದೆ. ಹಾಸು ಹೂಡುವ ತಲೆನೋವೇ ಇಲ್ಲ. ಕೂತ ತಕ್ಷಣ ಶುರು. ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಸಿಗುವವರು ಇದನ್ನು ಸುಮ್ನೆ ತಳ್ಳಿಹಾಕಬೇಡಿ. ನೇಯ್ಗೆಯ ಲೆಕ್ಕ ಉಲ್ಟಾ. ಶುರುವಾಗೋಕೆ ಹೊತ್ತು, ಶುರುವಾದ ಮೇಲೆ ಬೇಗ. ಹಾಸು ಸಿದ್ಧವಿದ್ದರೆ ಒಂದು ಮಧ್ಯಾಹ್ನದಲ್ಲಿ ಬೆಳೆಯುವಷ್ಟು ಬಟ್ಟೆಯನ್ನು ಹೆಣೆಯೋಕೆ ಹೋದರೆ ವಾರವೇ ಬೇಕು.

ಚೌಕಟ್ಟು, ಸೊಂಟದ ಮಗ್ಗ, ಪಟ್ಟಿ ಮಗ್ಗ

ಚೌಕಟ್ಟಿನ ಮಗ್ಗ ಅಂದರೆ ನಾಲ್ಕು ಮರದ ಪಟ್ಟಿ, ಮೇಲೂ ಕೆಳಗೂ ಕಚ್ಚು ಅಥವಾ ಮೊಳೆ. ಹಾಸು ಸುತ್ತೋಕೆ ಅರ್ಧ ಗಂಟೆ. ಗೋಡೆಗೆ ಹಾಕುವ ಚಿತ್ರದಂಥ ನೇಯ್ಗೆ, ಅಂದರೆ ಟ್ಯಾಪೆಸ್ಟ್ರಿ ಮಾಡೋಕೆ ಇದು ಸಾಕು. ಅದರಲ್ಲಿ ಹೊಕ್ಕಿನ ನೂಲು (ಅಡ್ಡಕ್ಕೆ ಹೋಗುವುದು) ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ, ಬಣ್ಣ ಎಲ್ಲಿ ಬೇಕೋ ಅಲ್ಲಿಗೆ ನಿಲ್ಲಿಸಿ ಹಿಂದೆ ತಿರುಗಿಸಬಹುದು. ಒಂದೇ ತೊಂದರೆ, ಚೌಕಟ್ಟು ಎಷ್ಟು ಉದ್ದವೋ ಬಟ್ಟೆ ಅದಕ್ಕಿಂತ ಕಡಿಮೆ. ಶಾಲು ನೇಯೋಕೆ ಆಗಲ್ಲ. ಮಕ್ಕಳಿಗೆ ಮಾತ್ರ ಅಂತ ಕೆಲವರು ಮೂಗು ಮುರಿಯುತ್ತಾರೆ. ಒಳ್ಳೆಯ ಟ್ಯಾಪೆಸ್ಟ್ರಿ ಕಲಾವಿದರು ವರ್ಷಗಟ್ಟಲೆ ಇಂಥ ಚೌಕಟ್ಟಿನ ಮುಂದೆಯೇ ಕೂರುತ್ತಾರೆ, ಆದ್ದರಿಂದ ಆ ಮಾತಿಗೆ ಕಿವಿಗೊಡಬೇಡಿ. ಗಮನಿಸಬೇಕಾದ್ದು ಗಟ್ಟಿತನ. ಬಿಗಿಯಾಗಿ ಹಾಸು ಎಳೆದಾಗ ಮೇಲಿನ ಪಟ್ಟಿ ಬಾಗಿದರೆ ನಡುವಿನ ಎಳೆಗಳು ಸಡಿಲವಾಗಿ ಜೋತುಬೀಳುತ್ತವೆ.

ಸೊಂಟದ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹಾಸಿನ ಒಂದು ತುದಿಯನ್ನು ಕಂಬಕ್ಕೋ ಬಾಗಿಲ ಹಿಡಿಗೋ ಕಟ್ಟಿ, ಇನ್ನೊಂದು ತುದಿಯನ್ನು ಬೆನ್ನ ಹಿಂದಿನ ಪಟ್ಟಿಗೆ ಸಿಕ್ಕಿಸಿಕೊಂಡು ಕೂರುತ್ತೀರಿ. ಹಿಂದಕ್ಕೆ ಒರಗಿದರೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಕೆಲಸ ಮುಗಿದ ಮೇಲೆ ಕಡ್ಡಿಗಳ ಸಮೇತ ಸುತ್ತಿ ಚೀಲಕ್ಕೆ ಹಾಕಬಹುದು. ಜಾಗ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಗಲ ಮಾತ್ರ ನಿಮ್ಮ ಎರಡು ಕೈ ಆರಾಮಾಗಿ ಎಟುಕುವಷ್ಟೇ. ಬೆನ್ನುನೋವು ಇದ್ದವರು ಇದರ ಹತ್ತಿರ ಹೋಗಬೇಡಿ ಅಂತ ನಾನು ಹೇಳುತ್ತೇನೆ. ಎರಡು ಗಂಟೆ ಕೂತ ಮೇಲೆ ಮಗ್ಗದ ಬಿಗಿ ಯಾವುದು, ಸೊಂಟದ ಬಿಗಿ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಪಟ್ಟಿ, ಲಾಡಿ, ಬೆಲ್ಟು, ಚೀಲದ ಹಿಡಿ ಇವಿಷ್ಟೇ ಸಾಕು ಅನ್ನುವವರಿಗೆ ಇಂಕಲ್ ಮಗ್ಗ ಇದೆ. ಒಂದು ಹಲಗೆ, ಅದಕ್ಕೆ ಹೊಡೆದ ಗೂಟಗಳು. ಹಾಸು ಗೂಟದಿಂದ ಗೂಟಕ್ಕೆ ಸುತ್ತಿಕೊಂಡು ಹೋಗುತ್ತದೆ. ಒಂದು ಗಂಟೆಯೊಳಗೆ ಹೂಡಿ ನೇಯೋಕೆ ಶುರು ಮಾಡಬಹುದು. ಇನ್ನೂ ಸರಳ ಬೇಕಾದರೆ ರಟ್ಟಿನ ಚೌಕಗಳಲ್ಲಿ ನಾಲ್ಕು ಮೂಲೆಗೆ ನಾಲ್ಕು ತೂತು ಮಾಡಿ, ನೂಲು ಪೋಣಿಸಿ, ಆ ಬಿಲ್ಲೆಗಳನ್ನು ಕಾಲು ಸುತ್ತು ತಿರುಗಿಸುತ್ತಾ ನೇಯುವ ಪದ್ಧತಿ. ಇಸ್ಪೀಟು ಎಲೆಯಲ್ಲೂ ಮಾಡಬಹುದು. ಆದರೆ ಇದನ್ನು ಆಟದ ಸಾಮಾನು ಅಂದುಕೊಳ್ಳಬೇಡಿ. ನಾರ್ವೆಯ ಓಸೆಬರ್ಗ್‌ನಲ್ಲಿ ಹಡಗಿನ ಸಮೇತ ಮಾಡಿದ ಒಂದು ಸಮಾಧಿ ಸಿಕ್ಕಿದೆ. ಅದು 834ರದ್ದು. ಅದರೊಳಗೆ 52 ಬಿಲ್ಲೆಗಳಿದ್ದವು, ಅರ್ಧ ನೇಯ್ದ ಪಟ್ಟಿಯ ಸಮೇತ. ಅರ್ಧಕ್ಕೆ ಬಿಟ್ಟ ಕೆಲಸ ನನ್ನ ಮನೆಯಲ್ಲಿ ಮಾತ್ರ ಇಲ್ಲ ಅನ್ನುವುದು ಒಂದು ಸಮಾಧಾನ.

ರಿಜಿಡ್ ಹೆಡಲ್: ಹೆಚ್ಚಿನವರು ಇಲ್ಲಿಂದಲೇ ಶುರು ಮಾಡಲಿ

ನನ್ನ ದೊಡ್ಡ ಮಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದ ಕಾಲದಲ್ಲಿ ಒಬ್ಬ ಸ್ನೇಹಿತೆ ತನ್ನ ರಿಜಿಡ್ ಹೆಡಲ್ ಮಗ್ಗವನ್ನು ಒಂದು ವಾರಕ್ಕೆ ಕೊಟ್ಟಳು. ಆ ವಾರದಲ್ಲಿ ಎರಡು ಶಾಲು ನೇಯ್ದೆ. ಅಲ್ಲಿಗೆ ನನ್ನ ಸಮಸ್ಯೆ ಏನು ಅಂತ ಅರ್ಥವಾಯಿತು.

ಇದರಲ್ಲಿ ಒಂದೇ ಗಟ್ಟಿ ಹಲಗೆಯಂಥ ಹೆಡಲ್. ಅದರಲ್ಲಿ ಒಂದು ತೂತು, ಒಂದು ಉದ್ದ ಸೀಳು, ಮತ್ತೆ ತೂತು, ಮತ್ತೆ ಸೀಳು. ತೂತಿನ ಎಳೆ ಹೆಡಲಿನ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ. ಸೀಳಿನ ಎಳೆ ಇದ್ದಲ್ಲೇ ಇರುತ್ತದೆ. ಹೆಡಲ್ ಎತ್ತಿದರೆ ಎಳೆಗಳ ನಡುವೆ ಬಾಯಿ ತೆರೆಯುತ್ತದೆ, ಇಳಿಸಿದರೆ ಇನ್ನೊಂದು ಬಾಯಿ. ಹೊಕ್ಕನ್ನು ಹೊಡೆದು ಕೂರಿಸುವ ಹಣಿಗೆಯೂ ಅದೇ. ಒಂದರಲ್ಲಿ ಎರಡು ಕೆಲಸ.

ಹಾಸು ಹೂಡುವುದು ಇನ್ನೂ ಸುಲಭ. ಎದುರಿನ ಮೇಜಿಗೆ ಒಂದು ಗೂಟ ಬಿಗಿದು, ಮಗ್ಗದ ಹಿಂದಿನ ಕಡ್ಡಿಯಿಂದ ನೂಲಿನ ಕುಣಿಕೆಯನ್ನು ಸೀಳಿನ ಮೂಲಕ ಎಳೆದು ಗೂಟಕ್ಕೆ ಸಿಕ್ಕಿಸುತ್ತಾ ಹೋಗುವುದು. ಅಳೆಯುವುದು, ಪೋಣಿಸುವುದು ಎರಡೂ ಒಟ್ಟಿಗೇ ಆಗುತ್ತದೆ. ಆಮೇಲೆ ದಿಂಡಿಗೆ ಸುತ್ತಿ, ಪ್ರತಿ ಸೀಳಿನ ಎರಡು ಎಳೆಗಳಲ್ಲಿ ಒಂದನ್ನು ಪಕ್ಕದ ತೂತಿಗೆ ಬದಲಾಯಿಸಿದರೆ ಮುಗೀತು. 100 ಎಳೆಯ ಶಾಲಿಗೆ ಎರಡು ಗಂಟೆ ಸಾಕು. ಅಭ್ಯಾಸವಾದ ಮೇಲೆ ಅಷ್ಟೂ ಬೇಡ.

ಹೆಡಲುಗಳು ಇಂಚಿಗೆ ಇಷ್ಟು ಎಳೆ ಅನ್ನುವ ಲೆಕ್ಕದಲ್ಲಿ ಬರುತ್ತವೆ. 5, 7.5 (ಕೆಲವರದ್ದು 8), 10, 12.5 ಅಥವಾ 12 ಹೀಗೆ. ದಪ್ಪ ಉಣ್ಣೆಗೆ 5, ಸ್ವೆಟರ್ ನೂಲಿಗೆ 7.5, ಸಣ್ಣ ಹತ್ತಿಗೆ 10 ಅಥವಾ 12.5. ಮಗ್ಗದ ಜೊತೆ ಒಂದೇ ಹೆಡಲ್ ಕೊಟ್ಟಿದ್ದರೆ ಅದು ನಿಮ್ಮ ಹತ್ತಿರ ಇರುವ ನೂಲಿಗೆ ಆಗುತ್ತದಾ ಅಂತ ನೋಡಿ. ಹತ್ತಿ ಟವೆಲ್ ನೇಯಬೇಕು ಅಂದುಕೊಂಡವರು 7.5ರಲ್ಲಿ ನೇಯ್ದು, ಜಾಳುಜಾಳಾಗಿ ಬಂತು ಅಂತ ಕೊರಗುವುದನ್ನು ನೋಡಿದ್ದೇನೆ.

ಅಗಲದ ವಿಷಯ. 10 ಇಂಚಿನದ್ದು ಮುದ್ದಾಗಿದೆ, ಆದರೆ ಬೇಗ ಬೇಸರ ಬರುತ್ತದೆ. 32 ಇಂಚಿನದ್ದರಲ್ಲಿ ತೋಳು ಚಾಚಿ ಚಾಚಿ ಹೆಗಲು ನೋಯುತ್ತದೆ. 24 ಇಂಚು ನಡುವಿನ ದಾರಿ, ನನ್ನ ಮತ ಅದಕ್ಕೇ. ಒಂದು ಮಾತು ನೆನಪಿಡಿ: ನೇಯುವಾಗ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಒಗೆದ ಮೇಲೆ ಇನ್ನೂ ಕುಗ್ಗುತ್ತದೆ. 24 ಇಂಚಿನ ಹಾಸು ಕೊನೆಗೆ 20 ಅಥವಾ 21 ಇಂಚಿಗೆ ಬಂದು ನಿಲ್ಲುತ್ತದೆ.

ಇದರಲ್ಲಿ ಆಗದ್ದು ಏನು? ಒಂದೇ ಹೆಡಲ್ ಇದ್ದರೆ ತಾನಾಗಿ ಬರುವುದು ಸಾದಾ ನೇಯ್ಗೆ ಮಾತ್ರ, ಒಂದರ ಮೇಲೆ ಒಂದರ ಕೆಳಗೆ. ಚಪ್ಪಟೆ ಕಡ್ಡಿಯಿಂದ ಎಳೆಗಳನ್ನು ಆರಿಸಿ ಎತ್ತಿದರೆ ಜಾಲರಿ, ವಿನ್ಯಾಸ ಎಲ್ಲ ಬರುತ್ತದೆ. ಎರಡನೇ ಹೆಡಲ್ ಸೇರಿಸಿದರೆ ಸಣ್ಣ ನೂಲಿನ ಒತ್ತು ನೇಯ್ಗೆಯೂ ಆಗುತ್ತದೆ. ಆದರೆ ನೆಲಕ್ಕೆ ಹಾಸುವ ದಪ್ಪ ಜಮಖಾನೆ ಇದರಲ್ಲಿ ಆಗಲ್ಲ. ಅದಕ್ಕೆ ಬೇಕಾದ ಬಿಗಿಯನ್ನು ಈ ಹಗುರ ಮಗ್ಗ ತಡೆಯುವುದಿಲ್ಲ, ಹೊಡೆತಕ್ಕೆ ತೂಕವೂ ಇಲ್ಲ.

ಮೇಜಿನ ಮಗ್ಗವೋ, ಕಾಲು ಮಗ್ಗವೋ

ಶಾಫ್ಟು ಜಾಸ್ತಿಯಾದಷ್ಟೂ ವಿನ್ಯಾಸ ಜಾಸ್ತಿ. ಎಷ್ಟು ಜಾಸ್ತಿ ಅಂದರೆ, 4 ಶಾಫ್ಟುಗಳನ್ನು ಒಂದು, ಎರಡು, ಮೂರು ಹೀಗೆ ಬೇರೆ ಬೇರೆ ಥರ ಸೇರಿಸಿ ಎತ್ತುವ ದಾರಿ 14. 8 ಶಾಫ್ಟಾದರೆ 254. ಈ ಅಂಕಿ ನೋಡಿ 8 ಶಾಫ್ಟಿಗೆ ಆಸೆಪಡುವವರು ಬಹಳ. ನಿಜ ಹೇಳಬೇಕೆಂದರೆ 4 ಶಾಫ್ಟಿನಲ್ಲಿ ಬರುವ ಟ್ವಿಲ್ ಒಂದನ್ನೇ, ಅದೇ ಜೀನ್ಸ್ ಬಟ್ಟೆಯ ಓರೆಗೆರೆ, ಹಿಂದೆ ಮುಂದೆ ತಿರುಗಿಸಿ ನೇಯುತ್ತಾ ಹೋದರೆ ವರ್ಷಗಳೇ ಕಳೆಯುತ್ತವೆ.

ಮೇಜಿನ ಮಗ್ಗದಲ್ಲಿ ಶಾಫ್ಟು ಎತ್ತುವುದು ಕೈಯಿಂದ, ಒಂದೊಂದಕ್ಕೂ ಒಂದು ಹಿಡಿ. ಲಾಳಿ ಕೆಳಗಿಡು, ಹಿಡಿ ಒತ್ತು, ಲಾಳಿ ತಗೋ, ದಾಟಿಸು, ಮತ್ತೆ ಕೆಳಗಿಡು. ನಿಧಾನ. ಹಾಸು ಹೂಡುವ ಕಷ್ಟ ಕಾಲು ಮಗ್ಗದಷ್ಟೇ, ನೇಯುವ ವೇಗ ಅದರ ಅರ್ಧವೂ ಇಲ್ಲ. ಎರಡು ಕಡೆಯೂ ನಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ವಿನ್ಯಾಸ ಕಲಿಯುವವರಿಗೆ, ಸಣ್ಣ ಸಣ್ಣ ಮಾದರಿ ನೇಯ್ದು ನೋಡುವವರಿಗೆ, ಮಂಡಿನೋವು ಇದ್ದವರಿಗೆ ಇದು ತಕ್ಕ ಮಗ್ಗ. ಮೀಟರುಗಟ್ಟಲೆ ಬಟ್ಟೆ ಬೇಕಾದವರಿಗೆ ಅಲ್ಲ.

ಕಾಲು ಮಗ್ಗದಲ್ಲಿ ಕೈ ಲಾಳಿಗೆ, ಕಾಲು ಪೆಡಲಿಗೆ. ಲಯ ಹಿಡಿದ ಮೇಲೆ ನಿಲ್ಲಿಸೋಕೇ ಮನಸ್ಸಾಗುವುದಿಲ್ಲ. ಇದರಲ್ಲಿ ಮೂರು ಜಾತಿ. ಜ್ಯಾಕ್ ಮಗ್ಗದಲ್ಲಿ ಪೆಡಲ್ ತುಳಿದರೆ ಕಟ್ಟಿದ ಶಾಫ್ಟು ಮೇಲೇಳುತ್ತದೆ, ಉಳಿದದ್ದು ಇದ್ದಲ್ಲೇ. ಯಾವ ವಿನ್ಯಾಸಕ್ಕೂ ಆಗುತ್ತದೆ, ಅರ್ಥ ಮಾಡಿಕೊಳ್ಳೋಕೂ ಸುಲಭ, ಸದ್ದು ಸ್ವಲ್ಪ ಜಾಸ್ತಿ. ಕೌಂಟರ್‌ಬ್ಯಾಲೆನ್ಸ್ ತಕ್ಕಡಿ ಇದ್ದ ಹಾಗೆ, ಎರಡು ಕೆಳಗೆ ಹೋದರೆ ಎರಡು ಮೇಲೆ ಬರುತ್ತವೆ. ತುಳಿಯೋಕೆ ಬೆಣ್ಣೆ. ಆದರೆ ಒಂದು ಮೇಲೆ ಮೂರು ಕೆಳಗೆ ಅನ್ನುವಂಥ ವಿನ್ಯಾಸಕ್ಕೆ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಕೌಂಟರ್‌ಮಾರ್ಚ್‌ನಲ್ಲಿ ಪ್ರತಿ ಶಾಫ್ಟೂ ಏಳಬೇಕೋ ಇಳಿಯಬೇಕೋ ಅಂತ ಕಟ್ಟಿಯೇ ಇರಬೇಕು. 4 ಶಾಫ್ಟು, 6 ಪೆಡಲ್ ಅಂದರೆ 24 ಕಟ್ಟು. ನೆಲದ ಮೇಲೆ ಮಲಗಿ ಕಟ್ಟಬೇಕು. ಅದೊಂದು ಆದಮೇಲೆ ಬಾಯಿ ಅಗಲವಾಗಿ, ಎರಡೂ ಕಡೆ ಸಮವಾಗಿ ತೆರೆಯುತ್ತದೆ, ಲಿನನ್‌ನಂಥ ಹಿಗ್ಗದ ನೂಲಿಗೂ ಹೊಂದುತ್ತದೆ. ಟವೆಲ್, ಶಾಲು, ಹೊದಿಕೆ ಅಂತ ಬೆರೆಸಿ ನೇಯುವವರಿಗೆ ಜ್ಯಾಕ್ ಸಾಕು ಅನ್ನುವುದು ನನ್ನ ಅನಿಸಿಕೆ.

ಅಗಲ ಎಷ್ಟಿರಬೇಕು? ನನ್ನ ಹಾಗೆ 45ಕ್ಕೆ ಹಾರಬೇಡಿ. ಕೈಯಿಂದ ಲಾಳಿ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯೋಕೆ 36 ಇಂಚಿನವರೆಗೆ ಆರಾಮ. ತುಂಬಾ ಅಗಲದ ಬಟ್ಟೆಗೆ ಹಿಂದೆ ಇಬ್ಬರು ಕೂರಬೇಕಾಗಿತ್ತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದದ್ದೇ ಆ ತೊಂದರೆಗೆ. ಹಗ್ಗ ಎಳೆದರೆ ಲಾಳಿ ತಾನೇ ಓಡುತ್ತದೆ, ಒಬ್ಬರೇ ಸಾಕು. ಮನೆಯ ಮಗ್ಗಗಳಲ್ಲಿ ಹೆಚ್ಚಿನವಕ್ಕೆ ಆ ಏರ್ಪಾಡು ಇರುವುದಿಲ್ಲ, ಆದ್ದರಿಂದ ನಿಮ್ಮ ತೋಳಿನ ಉದ್ದವೇ ನಿಮ್ಮ ಬಟ್ಟೆಯ ಅಗಲ.

ಹಾಸಿನ ತಾಳ್ಮೆ ಇಲ್ಲದವರಿಗೆ ಕಾಲು ಮಗ್ಗದಲ್ಲೂ ಒಂದು ದಾರಿ ಇದೆ. ಮೊದಲ ಹಾಸು ಮುಗಿದಾಗ ಅದನ್ನು ಪೂರ್ತಿ ಬಿಚ್ಚಬೇಡಿ. ಹೆಡಲಿನಲ್ಲಿ ಇರುವ ಹಳೇ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚಿ (ಗಂಟು ಹಾಕಿ), ಮೆಲ್ಲಗೆ ಎಳೆದುಕೊಂಡರೆ ಪೋಣಿಸುವ ಕೆಲಸ ಪೂರ್ತಿ ಉಳಿಯುತ್ತದೆ. ಅದೇ ವಿನ್ಯಾಸ, ಅಷ್ಟೇ ಎಳೆ, ಬಣ್ಣ ಬೇರೆ. ಇದು ಗೊತ್ತಾದ ಮೇಲೆಯೇ ನನ್ನ ದೊಡ್ಡ ಮಗ್ಗಕ್ಕೆ ಜೀವ ಬಂದದ್ದು. ಒಂದು ಉದ್ದ ಹಾಸು ಹೂಡಿ ಅದರಲ್ಲೇ ಆರು ಟವೆಲ್ ನೇಯುವುದು ಇನ್ನೊಂದು ಉಪಾಯ.

ನೂಲಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸು ಇದ್ದಷ್ಟೇ ಬಟ್ಟೆ. ಅದೂ ಪೂರ್ತಿ ಸಿಗುವುದಿಲ್ಲ. ಮಗ್ಗಕ್ಕೆ ಕಟ್ಟೋಕೆ, ಕೊನೆಗೆ ನೇಯಲು ಎಟುಕದೆ ಉಳಿಯೋಕೆ ಅಂತ ಒಂದಿಷ್ಟು ಪ್ರತಿ ಸಲವೂ ಹೋಗುತ್ತದೆ. ರಿಜಿಡ್ ಹೆಡಲ್‌ನಲ್ಲಿ ಸುಮಾರು 45 ಸೆಂಟಿಮೀಟರ್, ಕಾಲು ಮಗ್ಗದಲ್ಲಿ 75ರವರೆಗೂ ಹೋಗುತ್ತದೆ.

180 ಸೆಂಟಿಮೀಟರ್ ಉದ್ದದ ಶಾಲು ಬೇಕು ಅಂದುಕೊಳ್ಳಿ. ನೇಯುವಾಗ, ಒಗೆಯುವಾಗ ಸೇರಿ ನೂರಕ್ಕೆ ಇಪ್ಪತ್ತರಷ್ಟು ಕುಗ್ಗುತ್ತದೆ ಅಂತ ಹಿಡಿದರೆ 225 ಬೇಕು. ಅದರ ಮೇಲೆ ಮಗ್ಗದ ಪಾಲು. ಒಟ್ಟು ರಿಜಿಡ್ ಹೆಡಲ್‌ನಲ್ಲಿ 270, ಕಾಲು ಮಗ್ಗದಲ್ಲಿ 300. ಕುಚ್ಚು ಆ ಮಗ್ಗದ ಪಾಲಿನಲ್ಲೇ ಬಂದುಬಿಡುತ್ತದೆ. 10 ಇಂಚು ಅಗಲ, ಇಂಚಿಗೆ 10 ಎಳೆ ಅಂದರೆ 100 ಎಳೆ. ಹಾಸಿಗೇ 270 ಮೀಟರ್ ಅಥವಾ 300 ಮೀಟರ್. ಹೊಕ್ಕಿಗೆ ಸುಮಾರು 220 ಮೀಟರ್. ಕೈಯಲ್ಲಿ ನೂತ ನೂಲೋ ರೇಷ್ಮೆಯೋ ಆಗಿದ್ದರೆ ಆ 30 ಮೀಟರ್ ವ್ಯತ್ಯಾಸ ಹೊಟ್ಟೆ ಉರಿಸುತ್ತದೆ. ಒಂದೊಂದೇ ಶಾಲು ನೇಯುವವರಿಗೆ ಸಣ್ಣ ಮಗ್ಗ ಇನ್ನೊಂದು ಕಾರಣಕ್ಕೂ ಲಾಭ ಅನ್ನುವುದು ಇದಕ್ಕೇ.

ಇಂಚಿಗೆ ಎಷ್ಟು ಎಳೆ ಅಂತ ತಿಳಿಯೋಕೆ ನೂಲನ್ನು ಅಳತೆಪಟ್ಟಿಗೆ ಒತ್ತೊತ್ತಾಗಿ, ಒಂದರ ಮೇಲೊಂದು ಏರದ ಹಾಗೆ ಒಂದು ಇಂಚು ಸುತ್ತಿ. 24 ಸುತ್ತು ಬಂದರೆ ಸಾದಾ ನೇಯ್ಗೆಗೆ ಅದರ ಅರ್ಧ, 12. ಟ್ವಿಲ್‌ಗೆ ಮೂರರಲ್ಲಿ ಎರಡು ಪಾಲು, 16. ಹತ್ತಿ ನೂಲಿನ ಮೇಲೆ 8/2 ಅಂತ ಬರೆದಿದ್ದರೆ 8 ನಂಬರಿನ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು ಅಂತ ಅರ್ಥ. ನಂಬರು ದೊಡ್ಡದಾದಷ್ಟೂ ನೂಲು ಸಣ್ಣ. ಒಂದು ಪೌಂಡಿನಲ್ಲಿ 840 ಗಜದ ಲಡಿ ಎಷ್ಟು ಅನ್ನುವುದೇ ಆ ನಂಬರು. ಎರಡೆಳೆ ಆದ್ದರಿಂದ 8/2ರಲ್ಲಿ ಪೌಂಡಿಗೆ 3360 ಗಜ.

ಯಾವ ನೂಲು, ನಾವೇ ನೂಲಬೇಕಾ

ಮೊದಲ ಹಾಸಿನ ಎಳೆಗೆ ಉಣ್ಣೆ. ಅದು ಹಿಗ್ಗುತ್ತದೆ, ನಿಮ್ಮ ಬಿಗಿಯ ಏರುಪೇರನ್ನು ನುಂಗಿಕೊಳ್ಳುತ್ತದೆ. ಹತ್ತಿ ಗಟ್ಟಿ, ಒದ್ದೆಯಾದರೆ ಇನ್ನೂ ಗಟ್ಟಿ, ಟವೆಲ್‌ಗೆ ಅದೇ. ಆದರೆ ತಪ್ಪನ್ನು ಮುಚ್ಚುವುದಿಲ್ಲ. ಲಿನನ್ ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ, ಒಂದು ಎಳೆ ಸಡಿಲವಾದರೂ ಕಾಣುತ್ತದೆ. ಎರಡು ವರ್ಷ ಕಾಯಿರಿ. ಉಣ್ಣೆಯನ್ನು ಬಿಸಿನೀರು, ಸೋಪು ಹಾಕಿ ಕುಕ್ಕಿ ಒಗೆದರೆ ಕಂಬಳಿಯ ಹಾಗೆ ಗಟ್ಟಿಯಾಗಿ ಕುಗ್ಗಿಹೋಗುತ್ತದೆ, ಅದನ್ನೂ ನೆನಪಿಡಿ.

ನೂಲುವ ಆಸೆ ಇದ್ದರೆ ಮೊದಲು ಕದಿರು, ಅಂದರೆ ತಿರುಗಿಸಿ ನೂಲುವ ಕಡ್ಡಿ. ಉದ್ದ ಎಳೆಯ ಉಣ್ಣೆಗೆ ನೇತಾಡುವ ಕದಿರು ಸರಿಹೋಗುತ್ತದೆ, 30 ಗ್ರಾಂ ಆಸುಪಾಸಿನದ್ದು ಕಲಿಯೋಕೆ ಒಳ್ಳೆಯದು. ಹತ್ತಿಯ ಎಳೆ ಗಿಡ್ಡ, ಹೆಚ್ಚಿನದ್ದು 2ರಿಂದ 3 ಸೆಂಟಿಮೀಟರ್ ಅಷ್ಟೇ. ಅದಕ್ಕೆ ಹುರಿ ಜಾಸ್ತಿ ಬೇಕು, ಕದಿರಿನ ಭಾರ ತಡೆಯುವುದಿಲ್ಲ. ತುದಿ ನೆಲಕ್ಕೋ ಬಟ್ಟಲಿಗೋ ಊರಿ ತಿರುಗಿಸುವ ತಕಲಿ, ಇಲ್ಲವೇ ಪೆಟ್ಟಿಗೆ ಚರಕ ಬೇಕು. ಕಾಲಲ್ಲಿ ತುಳಿಯುವ ರಾಟೆ ಕೊಳ್ಳುವವರು ಅದರ ಅನುಪಾತ ಕೇಳಿ. 6:1 ಅಂದರೆ ಚಕ್ರ ಒಂದು ಸುತ್ತು ಬಂದಾಗ ನೂಲು ಆರು ಸುತ್ತು ಹುರಿಗೊಳ್ಳುತ್ತದೆ. ಉಣ್ಣೆಗೆ ಅದು ಸಾಕು, ಹತ್ತಿಗೆ ಅದರ ಎರಡು ಮೂರು ಪಟ್ಟು ಬೇಕು. ನೀವು ನೂತ ಮೊದಲ ನೂಲನ್ನು ಹಾಸಿಗೆ ಹಾಕಬೇಡಿ, ಹೊಕ್ಕಿಗೆ ಹಾಕಿ. ಹಾಸು ಹಣಿಗೆಗೆ ಉಜ್ಜಿಸಿಕೊಂಡೇ ಇರಬೇಕು, ಹೊಕ್ಕು ಸುಮ್ನೆ ಮಲಗುತ್ತದೆ.

ಹಳೇ ಮಗ್ಗ ನೋಡೋಕೆ ಹೋದಾಗ

ಹಣಿಗೆಗೆ ತುಕ್ಕು ಹಿಡಿದಿದೆಯಾ ನೋಡಿ. ತುಕ್ಕಿನ ಹಲ್ಲು ನೂಲನ್ನು ಕಡಿಯುತ್ತದೆ. ಹಾಸಿನ ದಿಂಡಿನ ಹಲ್ಲುಗಾಲಿಯನ್ನು ಬಿಗಿ ಮಾಡಿ, ಜೋರಾಗಿ ಎಳೆದು, ಅದು ಜಾರದೆ ನಿಲ್ಲುತ್ತದಾ ಪರೀಕ್ಷಿಸಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಬರದಿದ್ದರೆ ಚೌಕಟ್ಟು ಸೊಟ್ಟಗಿದೆ, ಬಟ್ಟೆಯ ಒಂದು ಅಂಚು ಸದಾ ಸಡಿಲ. ಇವು ಮೂರು ಸರಿಯಿದ್ದರೆ ಮುರಿದ ಪೆಡಲ್, ಹರಿದ ಹಗ್ಗ ಎಲ್ಲ ದೊಡ್ಡ ವಿಷಯವಲ್ಲ.

ಕೆಳಗಿನ ಮನೆಯಲ್ಲಿ ಜನ ಇದ್ದಾರಾ ಅಂತಲೂ ಯೋಚಿಸಿ. ಹಣಿಗೆಯ ಪ್ರತಿ ಹೊಡೆತವೂ ನೆಲಕ್ಕೆ ಇಳಿಯುತ್ತದೆ. ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಕಿದರೆ ಸ್ವಲ್ಪ ತಗ್ಗುತ್ತದೆ. ಮಗ್ಗದ ಹಿಂದೆ ಹಾಸು ಸುತ್ತೋಕೆ ಒಬ್ಬರು ನಿಲ್ಲುವಷ್ಟು ಜಾಗ ಬೇಕು, ಮುಂದೆ ಬೆಂಚಿಗೆ ಜಾಗ ಬೇಕು. ಗೋಡೆಗೆ ಒತ್ತಿ ಇಟ್ಟರೆ ಹಾಸು ಹೂಡುವಾಗಲೆಲ್ಲ ಎಳೆದಾಡಬೇಕು.

ಇನ್ನು ಬಾಗಿಲಿನ ಅಗಲ. ಮಗ್ಗ ಕೊಟ್ಟವರು ಬಿಚ್ಚಿ ಜೋಡಿಸಬಹುದು ಅಂದಿದ್ದರು. ಮೊಳೆ ಹೊಡೆದು ಅಂಟು ಹಾಕಿದ್ದ ಎರಡು ಪಕ್ಕದ ಚೌಕಟ್ಟು ಬಿಚ್ಚಲಿಲ್ಲ. ಮೂರು ಜನ ಸೇರಿ ಕೋಣೆಯ ಬಾಗಿಲನ್ನೇ ಕೀಲಿನಿಂದ ಕಳಚಿ ಮಗ್ಗವನ್ನು ಒಳಗೆ ತಂದೆವು. ಆ ಬಾಗಿಲಿಗೆ ಈಗಲೂ ಚಿಲಕ ಕೂರುವುದಿಲ್ಲ.